ಬಾರದ ಗಡ್ಡ, ಹೋಗದ ಗಡ್ಡ

ತಮ್ಮ: ನೋಡಿ ಅಕ್ಕಾ, ಬೆಳಕಲ್ಲಿ ಸರಿಯಾಗಿ ನೋಡಿ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಶುರುವಾಗಿ ವರ್ಷವಾಗ್ತಾ ಬಂತು. ದನಿ ಒಡೆದಿದೆ. ಫೋನ್ ಮಾಡಿದ್ರೆ ಅಜ್ಜಿ ‘ಯಾರಪ್ಪಾ ನೀನು’ ಅಂತ ಕೇಳ್ತಾರೆ. ಗಡ್ಡ ಮಾತ್ರ ಮೇಲ್ದುಟಿಯ ಎರಡು ಮೂಲೆಯಲ್ಲಿ ನಾಲ್ಕು ನಾಲ್ಕು ಕೂದಲು, ಅಷ್ಟೇ.

ಅಕ್ಕ: ಇದನ್ನ ನನ್ನ ಹತ್ರ ಬಂದು ಹೇಳ್ತೀಯಲ್ಲೋ! ಬೆಳಿಗ್ಗೆಯಿಂದ ಸಂಜೆವರೆಗೂ ಕಂಡೋರ ಗಡ್ಡ ಕೀಳೋದೇ ನನ್ನ ಕಸುಬು. ನನ್ನ ಗಡ್ಡ ಓಡಿಸೋಕೆ ಅರ್ಧ ಆಯಸ್ಸು ಹೋಯ್ತು. ಇದು ಬರಲಿಲ್ಲ ಅಂತ ಅಳೋನು ನೀನೊಬ್ಬ.

ತಮ್ಮ: ಅದಕ್ಕೇ ಬಂದೆ. ಗಡ್ಡದ ಮರ್ಮ ಅದರ ಜೊತೆ ಜಗಳ ಆಡಿದೋರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?

ಅಕ್ಕ: ಮರ್ಮ ಏನೂ ಇಲ್ಲ. ಹದಿಮೂರು ಹದಿನಾಲ್ಕರ ಹುಡುಗರನ್ನ ನೋಡು. ಮೊದಲು ಮೇಲ್ದುಟಿಯ ಮೂಲೆಗಳು, ಆಮೇಲೆ ಪೂರ್ತಿ ಮೀಸೆ. ಅದಾದ ಮೇಲೆ ಕೆನ್ನೆಯ ಮೇಲ್ಭಾಗ, ಕೆಳದುಟಿಯ ಕೆಳಗೆ ಮಧ್ಯದಲ್ಲಿ ಒಂದಿಷ್ಟು. ಗಲ್ಲ, ದವಡೆ ಎಲ್ಲಾ ಕೊನೆಗೆ. ಅವರಿಗೆ ಅದು ವರ್ಷಗಟ್ಟಲೆ ನಡೆಯೋ ಕೆಲಸ, ಇಪ್ಪತ್ತೈದಾದ್ರೂ ಕೆಲವರ ಕೆನ್ನೆ ತುಂಬಿರಲ್ಲ. ನಿನ್ನದು ಮೂಲೆಯಿಂದಲೇ ಶುರುವಾಗಿದೆ ಅಂದ್ರೆ ದಾರಿ ಸರಿಯಾಗೇ ಇದೆ.

ತಮ್ಮ: ಡಾಕ್ಟರೂ ಹಾಗೇ ಅಂದ್ರು. ಹಾರ್ಮೋನ್ ತಜ್ಞರ ಎಂಡೋಕ್ರೈನ್ ಸೊಸೈಟಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪಟ್ಟಿ ತೋರಿಸಿದ್ರು. ಮುಖದ ಕೂದಲು ಶುರುವಾಗೋಕೆ 6ರಿಂದ 12 ತಿಂಗಳು, ಪೂರ್ತಿಯಾಗೋಕೆ 4ರಿಂದ 5 ವರ್ಷ. ಆ 5 ನೋಡಿ ನನ್ನ ಎದೆ ಧಸಕ್ಕಂತು. ಇದೇ ಜೀವಶಾಸ್ತ್ರಾನ ಹುಡುಗರಿಗೆ ಪಾಠ ಮಾಡೋನು ನಾನು. ಬೋರ್ಡಿನ ಮೇಲೆ ಬರೆಯೋವಾಗ ಎಲ್ಲಾ ಸಲೀಸು.

ಅಕ್ಕ: ಹಾಗಾದ್ರೆ ನನಗೂ ಪಾಠ ಮಾಡು. ನನಗೆ ಗೊತ್ತಿರೋದು ಸೂಜಿ ಹೋಗೋವಷ್ಟು ಆಳದವರೆಗೆ ಮಾತ್ರ.

ತಮ್ಮ: ಗಡ್ಡ ಬರೋಕೆ ಹೊಸದಾಗಿ ಕೂದಲ ಬುಡ ಹುಟ್ಟಲ್ಲ ಅಕ್ಕಾ. ತಾಯಿ ಹೊಟ್ಟೆಯಿಂದ ಬರೋವಾಗಲೇ ಗಂಡು ಹೆಣ್ಣು ಎಲ್ಲರ ಮುಖದಲ್ಲೂ ಬುಡಗಳಿರುತ್ತವೆ. ಅದರಲ್ಲಿ ಬೆಳೆಯೋದು ಬಣ್ಣವಿಲ್ಲದ ನವಿರು ರೋಮ. ಟೆಸ್ಟೋಸ್ಟೆರಾನ್ ಆ ಬುಡಕ್ಕೆ ತಲುಪಿದಾಗ 5-ಆಲ್ಫಾ ರಿಡಕ್ಟೇಸ್ ಅನ್ನೋ ಕಿಣ್ವ ಅದನ್ನ ಡಿಎಚ್‌ಟಿ ಅನ್ನೋ ಇನ್ನೂ ಖಾರವಾದ ಹಾರ್ಮೋನಾಗಿ ಬದಲಾಯಿಸುತ್ತೆ. ಬುಡದ ತಳದಲ್ಲಿರೋ ಜೀವಕೋಶಗಳು ಅದಕ್ಕೆ ಓಗೊಡುತ್ತವೆ. ಆಗ ಬುಡ ದೊಡ್ಡದಾಗುತ್ತೆ, ಆಳಕ್ಕಿಳಿಯುತ್ತೆ, ಕೂದಲು ದಪ್ಪಗೆ ಕಪ್ಪಗೆ ಬರುತ್ತೆ. ಇದು ಒಂದೇ ಸಲಕ್ಕೆ ಆಗೋದಲ್ಲ. ಒಂದು ಕೂದಲು ಉದುರಿ ಅದೇ ಬುಡದಿಂದ ಮತ್ತೊಂದು ಬರೋವಾಗ ಸ್ವಲ್ಪ ದಪ್ಪ, ಅದರ ಮುಂದಿನದು ಇನ್ನೂ ಸ್ವಲ್ಪ. ಅದಕ್ಕೇ ವರ್ಷಗಳ ಲೆಕ್ಕ.

ಅಕ್ಕ: ಡಿಎಚ್‌ಟಿ ಇಲ್ಲದೆ ಬರೀ ಟೆಸ್ಟೋಸ್ಟೆರಾನ್‌ನಿಂದ ಗಡ್ಡ ಬರಲ್ವಾ?

ತಮ್ಮ: ಅದಕ್ಕೊಂದು ಕಥೆಯೇ ಇದೆ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಲೀನಾಸ್ ಅಂತ ಒಂದೂರು. ಅಲ್ಲಿ ಹುಟ್ಟಿದಾಗ ಹೆಣ್ಣು ಅಂತ ಬೆಳೆಸಿದ ಕೆಲವು ಮಕ್ಕಳಿಗೆ ಹನ್ನೆರಡರ ಆಸುಪಾಸಿನಲ್ಲಿ ದನಿ ಒಡೆಯೋದು, ತೋಳು ಗಟ್ಟಿಯಾಗೋದು, ಗಂಡಸಾಗಿ ಬೆಳೆಯೋದು. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಅನ್ನೋ ವೈದ್ಯೆ ತಮ್ಮ ತಂಡದ ಜೊತೆ 1974ರಲ್ಲಿ ಅದನ್ನ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ್ರು. ಅವರಿಗೆ ಟೆಸ್ಟೋಸ್ಟೆರಾನ್ ಬೇಕಾದಷ್ಟಿತ್ತು, ಆ ಕಿಣ್ವದ್ದೇ ಕೊರತೆ. ಅದಕ್ಕೇ ದನಿ ಬಂತು, ಮೈಕಟ್ಟು ಬಂತು, ಗಡ್ಡ ಮಾತ್ರ ಅಲ್ಲೊಂದು ಇಲ್ಲೊಂದು. ತಲೆಯೂ ಬೋಳಾಗಲಿಲ್ಲ.

ಅಕ್ಕ: ಅಂದ್ರೆ ದನಿಗೂ ಗಡ್ಡಕ್ಕೂ ಬೇರೆ ಬೇರೆ ಲೆಕ್ಕ. ನಿನ್ನ ದನಿ ಮುಂದೆ ಓಡಿತು ಅಂತ ಗಡ್ಡಾನ ಬೈದು ಏನು ಪ್ರಯೋಜನ? ಮನೇಲಿ ಗಂಡಸರ ಗಡ್ಡ ಹೇಗಿದೆ?

ತಮ್ಮ: ಅಪ್ಪನಿಗೆ ಕೆನ್ನೆ ಖಾಲಿ, ಬರೀ ಮೀಸೆ. ಅಮ್ಮನ ಕಡೆ ಮಾವಂದಿರಿಗೆ ಕಣ್ಣಿನ ಕೆಳಗಿನಿಂದಲೇ ಶುರು.

ಅಕ್ಕ: ಹಾಗಾದ್ರೆ ಮಾವಂದಿರಿಗೆ ಕೈ ಮುಗಿ. ಬುಡ ಎಷ್ಟು ಓಗೊಡುತ್ತೆ ಅನ್ನೋದು ವಂಶದಿಂದ ಬಂದದ್ದು. ಇಂಜೆಕ್ಷನ್ ಬಾಗಿಲು ತಟ್ಟುತ್ತೆ, ತೆಗೆಯೋದು ಬಿಡೋದು ಒಳಗಿನವರಿಗೆ ಬಿಟ್ಟದ್ದು. ಅದು ಸರಿ, ಮುಖ ಯಾಕೆ ಇಷ್ಟು ಕೆಂಪಗಿದೆ? ದಿನಾ ಕೆರೆಯುತ್ತಿದ್ದೀಯಾ?

ತಮ್ಮ: ದಿನಕ್ಕೆರಡು ಸಲ ಶೇವ್ ಮಾಡ್ತೀನಿ. ಕೆರೆದಷ್ಟೂ ದಟ್ಟವಾಗಿ ಬರುತ್ತೆ ಅಂತ ರೂಮಿನ ಹುಡುಗರು ಹೇಳಿದ್ರು.

ಅಕ್ಕ: ಜೀವಶಾಸ್ತ್ರದ ಮೇಷ್ಟ್ರು ಇವರು! ಕೆರೆದ್ರೆ ದಟ್ಟವಾಗೋ ಹಾಗಿದ್ರೆ ಬೋಳುತಲೆಯೋರೆಲ್ಲ ದಿನಾ ತಲೆ ಬೋಳಿಸಿಕೊಂಡು ಕೂದಲು ಬೆಳೆಸ್ತಿದ್ರು.

ತಮ್ಮ: ಗೊತ್ತು ಅಕ್ಕಾ. ಮಿಲ್ಡ್ರೆಡ್ ಟ್ರಾಟರ್ ಅಂತ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅಂಗರಚನಾಶಾಸ್ತ್ರಜ್ಞೆ ಇದ್ರು. 1928ರಲ್ಲೇ ಅವರು ಗಂಡಸರ ಕೆರೆದ ಗಡ್ಡವನ್ನ ಅಳೆದು, ಶೇವಿಂಗ್‌ನಿಂದ ಕೂದಲಿನ ದಪ್ಪವೂ ಬದಲಾಗಲ್ಲ, ಬೆಳೆಯೋ ವೇಗವೂ ಬದಲಾಗಲ್ಲ ಅಂತ ಬರೆದಿದ್ದಾರೆ. ಬ್ಲೇಡು ಕತ್ತರಿಸಿದ ತುದಿ ಮೊಂಡಾಗಿರುತ್ತೆ, ಕೈಗೆ ಒರಟಾಗಿ ತಾಗುತ್ತೆ, ಅದೇ ದಟ್ಟ ಅನ್ನಿಸುತ್ತೆ. ತರಗತಿಯಲ್ಲಿ ಇದನ್ನೇ ಹೇಳಿ, ಮನೆಗೆ ಬಂದು ಮತ್ತೆ ಕೆರ್ಕೋತೀನಿ.

ಅಕ್ಕ: ಆಸೆ ಅಂದ್ರೆ ಅದೇ. ಮಿನಾಕ್ಸಿಡಿಲ್ ಹಚ್ಚೋರೂ ಇದ್ದಾರೆ, ಗೊತ್ತಲ್ಲ? ತಲೆಗೆ ಅಂತ ಮಾಡಿದ್ದು, ಕೆನ್ನೆಗೆ ಹಚ್ಚಿ ಫಲ ಕಂಡೋರನ್ನ ನಾನೇ ನೋಡಿದ್ದೀನಿ. ಡಾಕ್ಟರನ್ನ ಕೇಳಿ ಹಚ್ಚು. ನಿನ್ನ ರೂಮಿನಲ್ಲಿ ಬೆಕ್ಕಿದೆ ಅಂದಿದ್ದೆ ಅಲ್ವಾ? ಆ ಔಷಧಿ ಬೆಕ್ಕಿಗೆ ವಿಷ. ಕೆನ್ನೆ ನೆಕ್ಕಿದ್ರೂ ಸಾಕು, ದಿಂಬಿಗೆ ಮೈ ಉಜ್ಜಿ ಆಮೇಲೆ ಮೈ ನೆಕ್ಕಿಕೊಂಡ್ರೂ ಸಾಕು.

ತಮ್ಮ: ಡೋಸ್ ಜಾಸ್ತಿ ಮಾಡಿಸಿದ್ರೆ?

ಅಕ್ಕ: ಬಂತು ನೋಡು ಅಸಲಿ ಪ್ರಶ್ನೆ.

ತಮ್ಮ: ಡಾಕ್ಟರು ಒಪ್ಪಲಿಲ್ಲ. ಗಂಡಸರ ಮಟ್ಟಕ್ಕೆ ಬಂದಾಗಿದೆ, ಮೇಲೆ ಸುರಿದದ್ದು ಗಡ್ಡಕ್ಕೆ ಹೋಗಲ್ಲ ಅಂದ್ರು. ಹೆಚ್ಚಾದದ್ದರಲ್ಲಿ ಒಂದು ಪಾಲು ದೇಹದೊಳಗೇ ಈಸ್ಟ್ರೋಜನ್ ಆಗುತ್ತೆ. ಕೆಂಪುರಕ್ತಕಣ ಹೆಚ್ಚಿ ರಕ್ತ ಮಂದವಾಗುತ್ತೆ. ಹೆಮಟೋಕ್ರಿಟ್, ಅಂದ್ರೆ ರಕ್ತದಲ್ಲಿ ಕೆಂಪುಕಣದ ಪಾಲು, ನೋಡದೆ ಯಾರಿಗೂ ಕೊಡಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ರು. ನಿಜ ಹೇಳ್ಲಾ? ‘ನೇಚರ್’ ಪತ್ರಿಕೆಯಲ್ಲಿ 1970ರಲ್ಲಿ ಬಂದ ಒಂದು ಚಿಕ್ಕ ಬರಹ ಓದಿ ನನಗೆ ಈ ಡೋಸಿನ ಹುಚ್ಚು ಹಿಡಿದದ್ದು. ಯಾರೋ ವಿಜ್ಞಾನಿ, ಹೆಸರು ಹಾಕಿಲ್ಲ. ದ್ವೀಪವೊಂದರಲ್ಲಿ ವಾರಗಟ್ಟಲೆ ಒಂಟಿಯಾಗಿ ಕೆಲಸ. ದಿನಾ ಎಲೆಕ್ಟ್ರಿಕ್ ರೇಜರಿನಿಂದ ಉದುರಿದ ಗಡ್ಡದ ಪುಡಿಯನ್ನ ತಕ್ಕಡಿಗೆ ಹಾಕಿ ತೂಗಿದಾನೆ. ಪ್ರೇಯಸಿ ಇರೋ ಊರಿಗೆ ಹೊರಡೋ ದಿನ ಹತ್ರ ಬಂದ ಹಾಗೆ ಗಡ್ಡದ ತೂಕ ಏರಿದೆಯಂತೆ!

ಅಕ್ಕ: ಆಹಾ! ಒಬ್ಬನೇ ಮನುಷ್ಯ, ಅವನದೇ ಗಡ್ಡ, ಅವನದೇ ತಕ್ಕಡಿ. ಅದನ್ನ ನಂಬಿಕೊಂಡು ನೀನು ಯಾವ ದ್ವೀಪಕ್ಕೆ ಹೋಗ್ತೀಯೋ?

ತಮ್ಮ: ನಗಬೇಡಿ. ನಿಮ್ಮದು ಹೇಳಿ. ಈಸ್ಟ್ರೋಜನ್ ಶುರು ಮಾಡಿದಾಗ ಗಡ್ಡ ಎಷ್ಟು ಕಮ್ಮಿಯಾಯ್ತು?

ಅಕ್ಕ: ಎದೆ ಮೇಲೆ, ತೋಳ ಮೇಲೆ ನವಿರಾಯ್ತು, ಕಣ್ಣಿಗೆ ಕಾಣೋ ಹಾಗೆ. ಮುಖದ್ದು ನಿಧಾನವಾಯ್ತು. ಬೆಳಿಗ್ಗೆ ಕೆರೆದರೆ ಮಧ್ಯಾಹ್ನಕ್ಕೇ ಚುಚ್ಚುತ್ತಿದ್ದದ್ದು ಮಾರನೇ ದಿನಕ್ಕೆ ಹೋಯ್ತು. ಕೂದಲು ಒಂಚೂರು ಮೆತ್ತಗಾಯ್ತು. ಅಷ್ಟೇ. ಬುಡ ಒಂದೂ ಖಾಲಿಯಾಗಲಿಲ್ಲ. ಹಾಲಿಗೆ ಹೆಪ್ಪು ಹಾಕಿ ಮೊಸರಾದ ಮೇಲೆ ಹೆಪ್ಪನ್ನ ತೆಗೀತೀನಿ ಅಂದ್ರೆ ಮೊಸರು ಹಾಲಾಗುತ್ತೇನೋ? ನವಿರು ರೋಮ ಒಂದು ಸಲ ಗಡ್ಡದ ಕೂದಲಾಯ್ತು ಅಂದ್ರೆ, ಟೆಸ್ಟೋಸ್ಟೆರಾನ್ ಇಳಿದ್ರೂ ಅದು ಹಿಂದಕ್ಕೆ ಹೋಗಲ್ಲ. ಗಂಡು ಹಾರ್ಮೋನ್ ತಡೆಯೋ ಸ್ಪೈರೊನೊಲ್ಯಾಕ್ಟೋನ್ ತಿನ್ನು, ಸೈಪ್ರೊಟೆರೋನ್ ತಿನ್ನು, ಆಪರೇಷನ್ನೇ ಮಾಡಿಸಿಕೋ. ಬರಬೇಕಾದದ್ದನ್ನ ತಡೆಯುತ್ತೆ, ಬಂದದ್ದನ್ನ ಕಳಿಸಲ್ಲ.

ತಮ್ಮ: ಆ ಪಟ್ಟಿಯಲ್ಲೂ ಹಾಗೇ ಇದೆ. ಕೂದಲಿನ ಬೆಳವಣಿಗೆ ತಗ್ಗೋಕೆ 6ರಿಂದ 12 ತಿಂಗಳು, ಪೂರ್ತಿ ಪರಿಣಾಮಕ್ಕೆ 3 ವರ್ಷದ ಮೇಲೆ. ಪೂರಾ ಹೋಗಬೇಕಾದ್ರೆ ಲೇಸರ್ ಇಲ್ಲಾ ಎಲೆಕ್ಟ್ರಾಲಿಸಿಸ್.

ಅಕ್ಕ: ತಡೆಯೋದೂ ಸಣ್ಣ ವಿಷಯವಲ್ಲ, ಅದನ್ನೂ ಹೇಳಬೇಕು. ಹತ್ತೊಂಬತ್ತರಲ್ಲಿ ಶುರು ಮಾಡಿದ ಹುಡುಗಿಯರು ಬರ್ತಾರೆ. ಗಲ್ಲದಲ್ಲಿ ಒಂದಿಷ್ಟು, ಮೀಸೆ ಒಂದಿಷ್ಟು. ಕೆನ್ನೆ ಇನ್ನೂ ಮಗುವಿನದು, ಅದು ಹಾಗೇ ಉಳಿಯುತ್ತೆ. ನಲವತ್ತರಲ್ಲಿ ಬರೋರಿಗೆ ಕತ್ತಿನವರೆಗೂ ಕಾಡು. ಮಾತ್ರೆ ಇಬ್ಬರಿಗೂ ಒಂದೇ, ಮುಂದಿನ ಕೆಲಸ ಮಾತ್ರ ಅಜಗಜಾಂತರ. ಇದು ಗೊತ್ತಿಲ್ಲದೆ ನಮ್ಮ ಕಾಲದಲ್ಲಿ ಎಷ್ಟೋ ಜನ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ಮುಷ್ಟಿಗಟ್ಟಲೆ ನುಂಗೋರು, ಗಡ್ಡ ಉದುರಲಿ ಅಂತ. ಅದರಲ್ಲಿರೋ ಈಸ್ಟ್ರೋಜನ್ನೇ ಬೇರೆ ಜಾತಿಯದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದೋರಿದ್ದಾರೆ. ಗಡ್ಡ ಮಾತ್ರ ಇದ್ದಲ್ಲೇ ಇತ್ತು.

ತಮ್ಮ: ಹಿಜ್ರಾಗಳು ಒಟ್ಟಿಗೆ ಇರೋ ಆ ಹಮಾಮಿನಲ್ಲಿ ಹಿರಿಯರು ಏನು ಮಾಡ್ತಿದ್ರು?

ಅಕ್ಕ: ಚಿಮಟ. ಬ್ಲೇಡ್ ಮುಟ್ಟಿದ್ರೆ ಗುರು ಬೈಯೋರು. ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ಕಿಟಕಿ ಹತ್ರ ಕೂರೋದು, ಎಡಗೈಯಲ್ಲಿ ಅಂಗೈಯಷ್ಟು ಕನ್ನಡಿ, ಬಲಗೈಯಲ್ಲಿ ಚಿಮಟ. ಮಾತು, ನಗು, ಚಾಡಿ ಎಲ್ಲಾ ನಡೆಯೋದು, ಕೈ ಮಾತ್ರ ನಿಲ್ತಿರಲಿಲ್ಲ. ಕಿತ್ತು ಕಿತ್ತು ಕೆಲವು ಬುಡ ಸತ್ತೇ ಹೋಗೋವು. ಉಳಿದವು ಒಳಗೇ ಸುರುಳಿ ಸುತ್ತಿ ಗುಳ್ಳೆಯಾಗಿ ಕಪ್ಪು ಕಲೆ ಬಿಡೋವು. ಕಸ್ತೂರಿ ಅರಿಶಿನ ಹಚ್ಚೋರು, ಕಡಲೆಹಿಟ್ಟು ಉಜ್ಜೋರು. ಚರ್ಮ ಚೆನ್ನಾಗಿರುತ್ತೆ ಅಂದ್ರೆ ಒಪ್ತೀನಿ, ಗಡ್ಡ ಹೋಗುತ್ತೆ ಅಂದ್ರೆ ಒಪ್ಪಲ್ಲ. ತಮಾಷೆ ಏನಂದ್ರೆ, ಆ ಚಿಮಟದ ಚಾಳಿಯೇ ಇವತ್ತು ಲೇಸರ್‌ಗೆ ಅಡ್ಡ.

ತಮ್ಮ: ಹೇಗೆ?

ಅಕ್ಕ: ಲೇಸರ್ ಹುಡುಕೋದು ಕೂದಲಿನ ಕಪ್ಪು ಬಣ್ಣಾನ. ಬೆಳಕು ಆ ಕಪ್ಪಿಗೆ ಬಿದ್ದು ಬಿಸಿಯಾಗಿ ಬುಡ ಸುಡಬೇಕು. ಕೂದಲು ಕಿತ್ತು ಬಂದ್ರೆ ಒಳಗೆ ಸುಡೋಕೆ ಏನಿದೆ? ಹಾಗಾಗಿ ಶೇವ್ ಮಾಡಿ ಬನ್ನಿ, ನಾಲ್ಕಾರು ವಾರ ಚಿಮಟ ಮುಟ್ಟಬೇಡಿ, ಥ್ರೆಡಿಂಗ್ ಬೇಡ, ವ್ಯಾಕ್ಸ್ ಬೇಡ ಅಂತ ಹೇಳ್ತೀನಿ. ಹೇಳಿದ ಮೇಲೂ ಕೈ ಅಲ್ಲಿಗೇ ಹೋಗುತ್ತೆ ಪಾಪ. ಇನ್ನೊಂದು ತೊಡಕು ನಮ್ಮ ಬಣ್ಣದ್ದು. ಕೂದಲೂ ಕಪ್ಪು, ಚರ್ಮದಲ್ಲೂ ಅದೇ ಕಪ್ಪು. ಮಿಷನ್‌ಗೆ ಎರಡೂ ಒಂದೇ. ಬಿಳಿಯರಿಗೆ ಅಂತ ಇಟ್ಟ ಅಳತೆಯಲ್ಲಿ ನಮಗೆ ಹೊಡೆದ್ರೆ ಚರ್ಮ ಬೇಯುತ್ತೆ. ನಮಗೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ವಾಸಿ. ಮೇಲಿನ ಚರ್ಮದ ಬಣ್ಣಕ್ಕೆ ಅಷ್ಟಾಗಿ ಸಿಕ್ಕಿಬೀಳದೆ ಆಳಕ್ಕಿಳಿಯುತ್ತೆ. ಯಾವ ಮಿಷನ್ನು ಅಂತ ಕೇಳಿದ್ರೆ ‘ಫಾರಿನ್ ಮಿಷನ್ ಮೇಡಂ’ ಅನ್ನೋ ಅಂಗಡಿಯಿಂದ ಎದ್ದು ಬರೋದೇ ಲೇಸು.

ತಮ್ಮ: ಎಷ್ಟು ಸಲ ಹೋಗಬೇಕು?

ಅಕ್ಕ: ಆರು ಅಂತ ಪ್ಯಾಕೇಜ್ ಮಾರ್ತಾರೆ. ಗಂಡಸರ ಗಡ್ಡಕ್ಕೆ ಅದು ಸಾಲಲ್ಲ. ಎಲ್ಲಾ ಕೂದಲೂ ಒಟ್ಟಿಗೆ ಬೆಳೆಯಲ್ಲ ನೋಡು, ಕೆಲವು ಬೆಳೀತಿರುತ್ತವೆ, ಕೆಲವು ಮಲಗಿರುತ್ತವೆ. ಲೇಸರ್‌ಗೆ ಸಿಗೋದು ಬೆಳೀತಿರೋವು ಮಾತ್ರ. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಂದು ಸಲ, ಎಂಟೋ ಹತ್ತೋ ಸಲ, ಆಮೇಲೂ ಆಗಾಗ. ಬಿಳಿ ಕೂದಲಿಗಂತೂ ಅದು ಕುರುಡು. ಅದಕ್ಕೇ ವಯಸ್ಸಾದವರಿಗೆ ನಾನು ಹೇಳೋದು, ಹಾರ್ಮೋನ್ ಫಲ ಕೊಡಲಿ ಆಮೇಲೆ ಲೇಸರ್ ನೋಡೋಣ ಅಂತ ಕೂರಬೇಡಿ. ಹಾರ್ಮೋನ್ ಆ ಕೆಲಸ ಮಾಡಲ್ಲ, ಅಷ್ಟರಲ್ಲಿ ಗಡ್ಡ ನರೆತ್ರೆ ನನ್ನ ಸೂಜಿಯೊಂದೇ ಗತಿ.

ತಮ್ಮ: ಆ ಸೂಜಿ ತೋರಿಸಿ.

ಅಕ್ಕ: ಇಲ್ನೋಡು, ಕೂದಲಿನಷ್ಟೇ ತೆಳ್ಳಗೆ. ಚರ್ಮ ಚುಚ್ಚಲ್ಲ ಇದು. ಕೂದಲು ಹೊರಗೆ ಬಂದಿರೋ ರಂಧ್ರದಲ್ಲೇ, ಅದರ ಪಕ್ಕದಲ್ಲಿ, ಅದು ಓರೆಯಾಗಿರೋ ಕಡೆಗೇ ಇಳಿಸಬೇಕು. ತಳ ಮುಟ್ಟಿದಾಗ ಕೈಗೆ ಗೊತ್ತಾಗುತ್ತೆ, ಒಂಚೂರು ತಡೆ. ಗಿರಾಕಿಯ ಅಂಗೈಯಲ್ಲಿ ಒಂದು ಲೋಹದ ಕೋಲು, ಸರ್ಕೀಟು ಪೂರ್ತಿಯಾಗೋಕೆ. ಕಾಲಿನ ಪೆಡಲ್ ಒತ್ತಿದ್ರೆ ಕರೆಂಟು ಹರಿದು ಒಳಗಿನ ಉಪ್ಪುನೀರು ಕ್ಷಾರವಾಗುತ್ತೆ, ಬುಡಾನ ಅದೇ ಕರಗಿಸುತ್ತೆ. ಆಮೇಲೆ ಚಿಮಟದಲ್ಲಿ ಹಿಡಿದ್ರೆ ಕೂದಲು ಜಗ್ಗದೆ ಜಾರಿ ಬರಬೇಕು. ಜಗ್ಗಿತು ಅಂದ್ರೆ ಬುಡ ಸತ್ತಿಲ್ಲ, ಸುಮ್ಮನೆ ಕಿತ್ತಿದ್ದು ಅಷ್ಟೇ. ಒಂದೊಂದೇ ಕೂದಲು ಕಣೋ. ಇಡೀ ಗಡ್ಡಕ್ಕೆ ನೂರು ಗಂಟೆ ಅಂದ್ರೆ ಕಮ್ಮಿಯೇ, ಇನ್ನೂರೂ ದಾಟುತ್ತೆ. ಮೇಲ್ದುಟಿಗೆ ಹೋದಾಗ ಅಳದಿದ್ದೋರೂ ಅಳ್ತಾರೆ. ಕಣ್ಣಲ್ಲಿ ನೀರು, ಮೇಲೊಂದು ಸೀನು.

ತಮ್ಮ: ಇದರ ಹುಟ್ಟೂ ಸೇಂಟ್ ಲೂಯಿಸ್‌ನಲ್ಲೇ! 1875ರಲ್ಲಿ ಚಾರ್ಲ್ಸ್ ಮಿಷೆಲ್ ಅನ್ನೋ ಕಣ್ಣಿನ ಡಾಕ್ಟರು. ಒಳಕ್ಕೆ ತಿರುಗಿ ಕಣ್ಣುಗುಡ್ಡೆಗೆ ಚುಚ್ಚೋ ರೆಪ್ಪೆಗೂದಲನ್ನ ತೆಗೆಯೋಕೆ ಕಂಡುಹಿಡಿದದ್ದು. ಗಡ್ಡ ಅವರ ತಲೆಯಲ್ಲೇ ಇರಲಿಲ್ಲ.

ಅಕ್ಕ: ನೂರೈವತ್ತು ವರ್ಷವಾದ್ರೂ ಇದಕ್ಕಿಂತ ಗಟ್ಟಿಯಾದದ್ದು ಬಂದಿಲ್ಲ. ಅಮೆರಿಕದ ಎಫ್‌ಡಿಎ ಲೇಸರ್‌ಗೆ ‘ಶಾಶ್ವತವಾಗಿ ಕಡಿಮೆ ಮಾಡುತ್ತೆ’ ಅನ್ನೋಕೆ ಬಿಡುತ್ತೆ, ‘ಶಾಶ್ವತವಾಗಿ ತೆಗೆಯುತ್ತೆ’ ಅನ್ನೋದು ಇದಕ್ಕೆ ಮಾತ್ರ. ಆದ್ರೆ ನೋವಿಗಿಂತ ದೊಡ್ಡ ಕಷ್ಟ ಒಂದಿದೆ. ಚಿಮಟಕ್ಕೆ ಸಿಗಬೇಕಾದ್ರೆ ಎರಡು ಮೂರು ದಿನ ಗಡ್ಡ ಬಿಡಬೇಕು. ಸೀರೆ ಉಟ್ಟು, ಬಿಂದಿ ಇಟ್ಟು, ಆಫೀಸಿಗೆ ಕುರುಚಲು ಗಡ್ಡದಲ್ಲಿ ಹೋಗು ಅಂದ್ರೆ ಯಾರು ಹೋಗ್ತಾರೆ? ಶುಕ್ರವಾರ ಬಿಟ್ಟು ಭಾನುವಾರ ಬರ್ತಾರೆ, ಮಾಸ್ಕ್ ಹಾಕ್ಕೊಂಡು. ಉಳಿದ ದಿನ ಕೆರೆದ್ರೂ ಚರ್ಮದ ಕೆಳಗಿನ ಕೂದಲು ನೀಲಿಯಾಗಿ ಕಾಣುತ್ತೆ. ಅದರ ಮೇಲೆ ನೇರವಾಗಿ ಫೌಂಡೇಶನ್ ಬಳಿದ್ರೆ ಬೂದಿ ಬಣ್ಣ. ಮೊದಲು ಕಿತ್ತಳೆ ಬಣ್ಣದ ಲಿಪ್‌ಸ್ಟಿಕ್ ಬೆರಳಲ್ಲಿ ತೆಳ್ಳಗೆ ತಟ್ಟಬೇಕು, ಆಮೇಲೆ ಫೌಂಡೇಶನ್. ಇದನ್ನ ಯಾವ ಡಾಕ್ಟರೂ ಹೇಳಿಕೊಡಲ್ಲ.

ತಮ್ಮ: ನಿಮ್ಮ ಕುರ್ಚಿಯಲ್ಲಿ ಕೂರೋರೆಲ್ಲ ನಮ್ಮ ಟ್ರಾನ್ಸ್ ಸಮುದಾಯದವರೇನಾ?

ಅಕ್ಕ: ಎಲ್ಲಿಯ ಮಾತು! ಮುಕ್ಕಾಲು ಪಾಲು ಪಿಸಿಒಎಸ್ ಇರೋ ಹೆಣ್ಣುಮಕ್ಕಳು. ಮದುವೆ ನಿಶ್ಚಯವಾದ ಹುಡುಗಿಯರು, ಟೀಚರ್‌ಗಳು, ಒಬ್ಬಳು ಪೊಲೀಸ್. ಅವರ ದೇಹದಲ್ಲೂ ಅದೇ ಹಾರ್ಮೋನಿನ ಆಟ, ಅದೇ ಗಲ್ಲ, ಅದೇ ಸೂಜಿ. ಅವರು ಕೂದಲು ತೆಗೆಸಿಕೊಂಡ್ರೆ ಚಿಕಿತ್ಸೆ, ನಮ್ಮೋರು ತೆಗೆಸಿಕೊಂಡ್ರೆ ಶೋಕಿ. ಈ ಮಾತು ನನಗೆ ಹಿಡಿಸಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಕಲಮಿನಲ್ಲಿ ಸರ್ಜರಿ, ಹಾರ್ಮೋನ್ ಜೊತೆಗೆ ಲೇಸರ್ ಚಿಕಿತ್ಸೆಯ ಖರ್ಚಿಗೂ ವಿಮೆ ಇರಬೇಕು ಅಂತ ಬರೆದಿದ್ದಾರೆ. ಬರೆದೋರಿಗೆ ಗಡ್ಡದ ಸಂಕಟ ಗೊತ್ತಿತ್ತು ಅನ್ಸುತ್ತೆ. ನನ್ನ ಗಿರಾಕಿಗಳಂತೂ ಇವತ್ತಿಗೂ ಸ್ವಂತ ದುಡ್ಡೇ ಎಣಿಸಿ ಕೊಡ್ತಾರೆ.

ತಮ್ಮ: ಬಸ್ಸಿನಲ್ಲಿ ನನಗೂ ಒಂದು ಸಂಕಟ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಬಂತಲ್ಲ, ಹೆಂಗಸರಿಗೂ ನಮ್ಮವರಿಗೂ ಟಿಕೆಟ್ ಉಚಿತ. ಕಂಡಕ್ಟರು ನನ್ನ ಗಲ್ಲ ನೋಡ್ತಾರೆ, ಆಧಾರ್ ಕೇಳೋದೋ ಕಾಸು ಕೇಳೋದೋ ಅಂತ ತಡಬಡಾಯಿಸ್ತಾರೆ. ಮೊನ್ನೆ ನಾನೇ ದುಡ್ಡು ಚಾಚಿದೆ. ಸುಮ್ಮನೆ ಟಿಕೆಟ್ ಹರಿದುಕೊಟ್ಟು ‘ಹಿಂದೆ ಹೋಗ್ರೀ’ ಅಂದ್ರು. ಆ ದುಡ್ಡು ಕೊಟ್ಟಷ್ಟು ಖುಷಿ ನನಗೆ ಯಾವತ್ತೂ ಆಗಿಲ್ಲ.

ಅಕ್ಕ: ಗಡ್ಡವಿಲ್ಲದೆಯೂ ಹಿಂದೆ ಕಳಿಸಿದ್ರಲ್ಲ, ಮತ್ತೇನೋ?

ತಮ್ಮ: ಇನ್ನೊಂದು ಹೆದರಿಕೆ ಇದೆ ಅಕ್ಕಾ. ಸ್ನಾನ ಮಾಡೋವಾಗ ತಲೆಗೂದಲು ಕೈಗೆ ಬರ್ತಿದೆ. ಹಣೆಯ ಎರಡು ಕಡೆ ಹಿಂದೆ ಸರಿದ ಹಾಗಿದೆ.

ಅಕ್ಕ: ಗಡ್ಡದ ಮಾವಂದಿರ ತಲೆ ಹೇಗಿದೆ?

ತಮ್ಮ: ಎಲ್ಲರದೂ ನುಣ್ಣಗೆ.

ಅಕ್ಕ: ಅಲ್ಲಿಗೆ ಸರಿಹೋಯ್ತು.

ತಮ್ಮ: ಅದೇ ಡಿಎಚ್‌ಟಿ ಗಲ್ಲದಲ್ಲಿ ಕೂದಲನ್ನ ದಪ್ಪ ಮಾಡುತ್ತೆ, ನೆತ್ತಿಯಲ್ಲಿ ನವಿರು ಮಾಡುತ್ತೆ. ತಲೆ ಬೋಳಾಗೋಕೆ ಗಂಡು ಹಾರ್ಮೋನ್ ಬೇಕು ಅಂತ ಜೇಮ್ಸ್ ಹ್ಯಾಮಿಲ್ಟನ್ ಅನ್ನೋ ವಿಜ್ಞಾನಿ 1942ರಲ್ಲೇ ತೋರಿಸಿದ್ದು. ಪ್ರೌಢರಾಗೋ ಮುಂಚೆ ವೃಷಣ ಕಳಕೊಂಡ ಗಂಡಸರ ತಲೆ ಬೋಳಾಗಿರಲಿಲ್ಲ. ಟೆಸ್ಟೋಸ್ಟೆರಾನ್ ಕೊಟ್ಟಾಗ, ವಂಶದಲ್ಲಿ ಬೋಳುತಲೆ ಇದ್ದೋರಿಗೆ ಕೂದಲು ಉದುರೋಕೆ ಶುರುವಾಯ್ತು. ಅದನ್ನ ತಡೆಯೋಕೆ ಫಿನಾಸ್ಟರೈಡ್ ಮಾತ್ರೆ ಇದೆ, ಸಲೀನಾಸ್‌ನ ಮಕ್ಕಳಲ್ಲಿ ಕೊರತೆ ಇದ್ದ ಅದೇ ಕಿಣ್ವಾನ ಕಟ್ಟಿಹಾಕುತ್ತೆ. ತಲೆಗೂದಲು ಉಳಿಸಿಕೊಂಡ್ರೆ ಗಡ್ಡಕ್ಕೆ ಕುತ್ತು. ನನ್ನ ಪುಣ್ಯ ನೋಡಿ.

ಅಕ್ಕ: ಡಾಕ್ಟರು ಏನಂದ್ರು?

ತಮ್ಮ: ಗಡ್ಡ ಮೊದಲು ನೆಲೆಯೂರಲಿ, ಫಿನಾಸ್ಟರೈಡ್ ಆಮೇಲೆ ಯೋಚಿಸೋಣ, ಅಲ್ಲಿಯವರೆಗೆ ನೆತ್ತಿಗೆ ಬೇಕಾದ್ರೆ ಮಿನಾಕ್ಸಿಡಿಲ್ ಹಚ್ಚು ಅಂದ್ರು. ನಾಳೆ ಯಾವುದೋ ಕಾರಣಕ್ಕೆ ಇಂಜೆಕ್ಷನ್ ನಿಲ್ಲಿಸಿದ್ರೂ ಬಂದ ಗಡ್ಡ ಬಹುಪಾಲು ಉಳಿಯುತ್ತೆ, ದನಿಯೂ ಉಳಿಯುತ್ತೆ. ಮುಟ್ಟು ವಾಪಸ್ ಬರುತ್ತೆ, ಮೈಯ ಕೊಬ್ಬು ಮೊದಲಿನ ಜಾಗಕ್ಕೆ ಹೋಗುತ್ತೆ. ಅದನ್ನೆಲ್ಲ ಬರೆಸಿಕೊಂಡೇ ಸಹಿ ಹಾಕಿಸಿದ್ದು.

ಅಕ್ಕ: ನನ್ನನ್ನ ಕಾಡಿದ್ದು ಯಾವುದೋ ಅದೇ ನಿನ್ನನ್ನ ಕಾಯುತ್ತೆ ಅನ್ನು. ಸರಿ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಅಂದಿದ್ರಲ್ಲ, ಈ ಸಲದ್ದು ಆಯ್ತಾ?

ತಮ್ಮ: ಸಂಬಳ ಬರಲಿ ಅಂತ...

ಅಕ್ಕ: ರೇಜರಿಗೆ, ಫೋಮಿಗೆ, ಈರುಳ್ಳಿ ಎಣ್ಣೆಗೆ ದುಡ್ಡಿದೆ, ರಕ್ತ ಪರೀಕ್ಷೆಗೆ ಇಲ್ಲ. ತಗೋ ಇದನ್ನ, ಸಂಬಳ ಬಂದಾಗ ಕೊಡು. ನಾಳೆ ಬೆಳಿಗ್ಗೆಯೇ ಮಾಡಿಸಿ ಹೆಮಟೋಕ್ರಿಟ್ ಎಷ್ಟು ಬಂತು ಅಂತ ನನಗೆ ಫೋನ್ ಮಾಡಿ ಹೇಳಬೇಕು. ಈಗ ಕುರ್ಚಿ ಬಿಡು, ನಾಲ್ಕು ಗಂಟೆಯ ಗಿರಾಕಿ ಮೆಟ್ಟಿಲು ಹತ್ತುತ್ತಿದ್ದಾಳೆ.